ಮೂರಡಿ ರಿಂಗ್ ಅಂದ್ರೆ ಎಷ್ಟಡಿ?

ಬೆಂಗಳೂರಿನ ನಮ್ಮ ಮನೆಗೆ ಇಂಗುಬಾವಿ, ಅಂದರೆ ತಾರಸಿಯ ಮಳೆನೀರನ್ನು ನೆಲಕ್ಕೆ ಇಂಗಿಸುವ ಬಾವಿ, ತೋಡಿಸೋಣ ಅಂತ ಅದರೊಳಗೆ ಇಳಿಸುವ ಸಿಮೆಂಟ್ ರಿಂಗ್ ಮಾಡುವವರ ಹತ್ತಿರ ಹೋಗಿದ್ದೆ. ಯಾರನ್ನು ಕೇಳಿದರೂ ಅಳತೆ ಒಂದೇ: ಮೂರಡಿ ಅಗಲ, ಇಪ್ಪತ್ತಡಿ ಆಳ, 4,000 ಲೀಟರ್ ನೀರು. ಲೆಕ್ಕವೇನೋ ಸರಿ. ಅಗಲವನ್ನು ಅಗಲದಿಂದಲೇ ಗುಣಿಸಿ, ಆಳದಿಂದ ಗುಣಿಸಿ, ಕೊನೆಗೆ 22.24ರಿಂದ ಗುಣಿಸಿದರೆ ಲೀಟರ್ ಸಿಗುತ್ತದೆ. ಅಳತೆ ಅಡಿಯಲ್ಲಿರಬೇಕು, ಅಷ್ಟೇ. ಪೈಯನ್ನು ನಾಲ್ಕರಿಂದ ಭಾಗಿಸಿ, ಘನ ಅಡಿಗೆ 28.32 ಲೀಟರಿನಂತೆ ಗುಣಿಸಿಟ್ಟುಕೊಂಡ ಸಂಖ್ಯೆ ಅದು. ಪ್ರತಿ ಸಲ ತ್ರಿಜ್ಯದ ವರ್ಗ ಅಂತ ಒದ್ದಾಡಬೇಕಿಲ್ಲ.

ಆದರೆ ಯಾವ ಮೂರಡಿ?

ಟೇಪಿನ ತುದಿಯನ್ನು ರಿಂಗಿನ ಒಳಅಂಚಿಗೆ ಒತ್ತಿ ಹಿಡಿದು, ಇನ್ನೊಂದು ತುದಿಯನ್ನು ಎದುರಿನ ಅಂಚಿನ ಮೇಲೆ ಆಚೀಚೆ ಸರಿಸಿದೆ. ಅತಿ ದೊಡ್ಡದಾಗಿ ಬರುವ ಸಂಖ್ಯೆಯೇ ವ್ಯಾಸ. ನಡುಮಧ್ಯ ಎಲ್ಲಿ ಅಂತ ಹುಡುಕೋದೇ ಬೇಡ. 32 ಇಂಚು ಬಂತು. ಅಡ್ಡಕ್ಕೆ ತಿರುಗಿಸಿ ಇನ್ನೊಮ್ಮೆ ಅಳೆದೆ, ಅಚ್ಚು ಸೊಟ್ಟ ಇದ್ದರೂ ಇರಬಹುದು ಅಲ್ವಾ. ಆಗಲೂ 32. ಗೋಡೆ ಎರಡೆರಡು ಇಂಚು ದಪ್ಪ, ಮೂರಡಿ ಅನ್ನೋದು ಹೊರಗಿನ ಅಳತೆ!

"ಎಲ್ರೂ ಹಂಗೇ ಕರೆಯೋದು ಮೇಡಂ" ಅಂದರು ಅವರು.

ಕರೆಯಲಿ, ಆದರೆ ನೀರು ನಿಲ್ಲೋದು ಒಳಗೆ ತಾನೆ? ಜೊತೆಗೆ ನಮ್ಮ ತಾರಸಿಯ ಪೈಪು ಬಾವಿಯ ಬಾಯಿಂದ ಎರಡಡಿ ಕೆಳಗೆ ಸೇರುತ್ತದೆ. ಅದಕ್ಕಿಂತ ಮೇಲಿನ ಜಾಗ ನನ್ನ ಲೆಕ್ಕಕ್ಕಿಲ್ಲ. ಉಳಿದ ಆಳ 18 ಅಡಿ. ಈಗ ಗುಣಿಸಿದರೆ ಸುಮಾರು 2,850 ಲೀಟರ್. ನಮ್ಮ ತಾರಸಿ ಸಾವಿರ ಚದರ ಅಡಿ, ಅಂದರೆ 93 ಚದರ ಮೀಟರ್. ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. 30 ಮಿಲಿಮೀಟರ್ ಸುರಿದರೆ ಹೆಚ್ಚುಕಡಿಮೆ ಅಷ್ಟೇ ನೀರು ಬಂದು ಬಾವಿ ಭರ್ತಿ. ತಳದಲ್ಲಿ ಕಾಂಕ್ರೀಟ್ ಹಾಕುವುದಿಲ್ಲ, ನೀರು ಇಂಗುತ್ತಾ ಇರುತ್ತದೆ ನಿಜ. ಆದರೆ ಸೆಪ್ಟೆಂಬರಿನ ಸಂಜೆ ಮಳೆ ಅಷ್ಟು ಹೊತ್ತು ಕಾಯೋಲ್ಲ.

ಇನ್ನೂ ಆಳ ತೆಗೆಸಿ ಅಂದವರಿದ್ದರು. ಆಳ ಒಂದೂವರೆ ಪಟ್ಟಾದರೆ ನೀರೂ ಒಂದೂವರೆ ಪಟ್ಟು. ಅಗಲ ಒಂದೂವರೆ ಪಟ್ಟಾದರೆ ನೀರು ಎರಡೂಕಾಲು ಪಟ್ಟು! ಒಳಗೆ ಪೂರ್ತಿ ನಾಲ್ಕಡಿ ಇರುವ ರಿಂಗ್ ಹಾಕಿಸಿದರೆ ಅದೇ 18 ಅಡಿಗೆ 6,400 ಲೀಟರ್. ಬಿಲ್ಲಿನಲ್ಲಿ "ಒಳ ಅಳತೆ 4 ಅಡಿ" ಅಂತ ಬರೆಸಿಕೊಂಡೇ ಅಡ್ವಾನ್ಸ್ ಕೊಟ್ಟೆ.

ಬಾವಿ ತೋಡುವ ಹಿರಿಯರಿಗೆ ನನ್ನ ಒಳ ಅಳತೆ ಬೇಕಿರಲಿಲ್ಲ. "ಹೊರಗೆಷ್ಟು ಹೇಳಕ್ಕಾ" ಅಂದರು. ನಾಲ್ಕಡಿ ನಾಲ್ಕಿಂಚು. ಸುತ್ತ ಜಲ್ಲಿ ತುಂಬಲು ಅರ್ಧರ್ಧ ಅಡಿ ಸೇರಿಸಿದರೆ ಗುಂಡಿಯ ಅಗಲ ಐದಡಿ ನಾಲ್ಕಿಂಚು. ಇಪ್ಪತ್ತಡಿಗೆ ಸುಮಾರು 450 ಘನ ಅಡಿ ಮಣ್ಣು, ಅಗೆದ ಮೇಲೆ ಉಬ್ಬಿ ಇನ್ನೂ ಜಾಸ್ತಿ. ಟ್ರಾಕ್ಟರಿನವರ ಹತ್ತಿರ ಚೌಕಾಸಿಗೆ ಕೂತಾಗ ಕೈಯಲ್ಲಿ ಆ ಸಂಖ್ಯೆ ಇತ್ತು.