ಸರಸೋತಿಗೆ ಇನ್ನೊಂದು ಹಾಳೆ ಬೇಕು: ನಮ್ಮ ಬೇಸಿಗೆ ಓದಿನ ದಿನಚರಿ

ಏಪ್ರಿಲ್ 13

ರಜೆಯಲ್ಲಿ ಒಂದು ಕಾದಂಬರಿಯನ್ನು ಎಲ್ಲರೂ ಒಟ್ಟಿಗೆ ಕೂತು ಓದೋಣ ಅಂದಾಗ ಹನ್ನೆರಡು ಮಕ್ಕಳು ಕೈ ಎತ್ತಿದ್ದರು. ಪುಸ್ತಕ ಕಣ್ಣಿಗೆ ಬಿದ್ದ ಮೇಲೆ ಒಂಬತ್ತಾದರು. ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ಯ ದಪ್ಪ ನೋಡಿಯೇ ಮೂವರು ಕ್ರಿಕೆಟ್ಟಿಗೆ ಹೋದರು. ಅವರ ಮೇಲೆ ನನಗೆ ಸಿಟ್ಟಿಲ್ಲ, ನಾನೂ ಅದನ್ನು ಮೊದಲ ಸಲ ಓದಿದ್ದು ಇಪ್ಪತ್ತೆರಡನೇ ವಯಸ್ಸಿಗೆ.

ಉಳಿದವರಲ್ಲಿ ಒಂಬತ್ತನೇ ಕ್ಲಾಸಿನವರು ಇಬ್ಬರು, ಎಸ್ಸೆಸ್ಸೆಲ್ಸಿ ಬರೆದು ಫಲಿತಾಂಶ ಕಾಯುವವರು ಮೂವರು, ಪಿಯುಸಿಯವರು ಇಬ್ಬರು, ಬಿಸಿಎ ಓದುವವಳೊಬ್ಬಳು. ಒಂಬತ್ತನೆಯವನು ಬೆಂಗಳೂರಿನಿಂದ ಅಜ್ಜಿಮನೆಗೆ ಬಂದ ಹುಡುಗ. ಕನ್ನಡ ಮಾತಾಡುತ್ತಾನೆ, ಓದುವಾಗ ಬೆರಳಿಟ್ಟು ಓದುತ್ತಾನೆ.

ಈ ಪುಸ್ತಕವೇ ಯಾಕೆ ಅಂದರೆ, ನಮ್ಮೂರು ಕೋಟಕ್ಕೂ ಕುಂದಾಪುರಕ್ಕೂ ನಡುವೆ ಇದೆ. ಕಾರಂತರು 1902ರಲ್ಲಿ ಹುಟ್ಟಿದ್ದು ಇದೇ ಕೋಟದಲ್ಲಿ. 1941ರಲ್ಲಿ ಬಂದ ಈ ಕಾದಂಬರಿಯ ಕತೆ ನಡೆಯುವುದೂ ಸಮುದ್ರಕ್ಕೂ ಹೊಳೆಗೂ ನಡುವಿನ ಮರಳಿನ ನೆಲದಲ್ಲಿ. ಇಲ್ಲಿನ ಮಕ್ಕಳೇ ಇದನ್ನು ಓದದಿದ್ದರೆ ಇನ್ನು ಯಾರು ಓದಬೇಕು ಎಂಬ ಹಟ ನನ್ನದು.

ಪ್ರತಿ ಸಿಕ್ಕಿದ್ದು ಐದು. ಅದರಲ್ಲೂ ಮೂರು ಬೇರೆ ಬೇರೆ ಮುದ್ರಣ. ‘ಮುಂದಿನ ವಾರಕ್ಕೆ ಎಪ್ಪತ್ತನೇ ಪುಟದವರೆಗೆ’ ಅಂದರೆ ಒಬ್ಬರಿಗೆ ಮದುವೆ ಮುಗಿದಿರುತ್ತದೆ, ಇನ್ನೊಬ್ಬರಿಗೆ ಇನ್ನೂ ಹೆಣ್ಣು ನೋಡುವುದೇ ಆಗಿರುವುದಿಲ್ಲ. ಕೊನೆಗೆ ಪುಟಸಂಖ್ಯೆ ಬಿಟ್ಟು ಕತೆಯನ್ನೇ ಗುರುತು ಮಾಡಿಕೊಂಡೆವು: ಈ ವಾರ ರಾಮೈತಾಳರ ಎರಡನೇ ಹೆಂಡತಿ ಸತ್ಯಭಾಮೆ ಮನೆ ತುಂಬುವ ತನಕ, ಮುಂದಿನ ವಾರ ಅವರ ಮಗ ಲಚ್ಚ ಕುಂದಾಪುರದ ಶಾಲೆಗೆ ಹೋಗುವ ತನಕ.

ಏಪ್ರಿಲ್ 20

ಏನೂ ಸಾಗಲಿಲ್ಲ. ಹಿಂದಿನ ರಾತ್ರಿ ಊರಲ್ಲಿ ಯಕ್ಷಗಾನ ಮೇಳದ ಆಟ ಇತ್ತು, ನಾಲ್ಕು ಮಂದಿ ಬೆಳಗಿನ ತನಕ ಕೂತು ನೋಡಿ ಬಂದು ನಮ್ಮ ಜಗಲಿಯಲ್ಲಿ ತೂಕಡಿಸಿದರು. ಓದಿಕೊಂಡು ಬಂದವರು ಇಬ್ಬರೇ. ಹಾಗಾಗಿ ನಾನೇ ಗಟ್ಟಿಯಾಗಿ ಓದಿದೆ.

ಅದರಿಂದ ಒಂದು ಲಾಭ ಆಯಿತು. ಒಳಗೆ ಹಲಸಿನ ಹಪ್ಪಳ ಒತ್ತುತ್ತಿದ್ದ ನಮ್ಮ ಮನೆಯ ಅಜ್ಜಿಗೆ ಕೇಳಿಸಿ, ಬಾಗಿಲ ಹತ್ತಿರ ಬಂದು ಕೂತರು. ಸ್ವಲ್ಪ ಹೊತ್ತಿಗೆ, ‘ಅದ್ ನಮ್ಮನಿ ಕಥೆಯೇ ಅಲ್ದಾ?’ ಅಂದರು. ಮಕ್ಕಳು ತಮಗೆ ತಿಳಿಯದ ಮಾತುಗಳನ್ನು ನನ್ನ ಬದಲು ಅವರಿಗೇ ಕೇಳತೊಡಗಿದರು. ಗೊರಬು ಅಂದರೆ ಎಂತ, ಪ್ಲಾಸ್ಟಿಕ್ ಕೊಪ್ಪೆ ಬರುವ ಮೊದಲು ಮಳೆಯಲ್ಲಿ ಗದ್ದೆ ನೆಡಲಿಕ್ಕೆ ಎಂತ ಹೊದೆದುಕೊಂಡು ಹೋಗುತ್ತಿದ್ದಿರಿ, ಮನೆಗೆ ಬಂದವರಿಗೆ ಚಾ ಬದಲು ಬೆಲ್ಲ ನೀರು ಯಾಕೆ. ಉತ್ತರದ ನಡುವೆ, ‘ಹಪ್ಳಕ್ಕೆ ಕಾಕಿ ಬಂತ್ ಕಾಣಿ’ ಎಂದು ಇಬ್ಬರನ್ನು ಅಂಗಳಕ್ಕೆ ಓಡಿಸಿದರು.

ಇನ್ನು ಮೇಲೆ ಆಟ ಇದ್ದ ಮರುದಿನ ಸಂಜೆ ನಾಲ್ಕಕ್ಕೆ ಸೇರುವುದು ಎಂದು ಬದಲಾಯಿಸಿದೆವು.

ಏಪ್ರಿಲ್ 27

ಇವತ್ತು ಚಾರ್ಟ್ ಹುಟ್ಟಿತು.

ಪಿಯುಸಿ ಹುಡುಗನೊಬ್ಬ ಬಂದ ಕೂಡಲೇ ಕೇಳಿದ್ದು, ‘ಅಕ್ಕ, ಇದರಲ್ಲಿ ಹೀರೋ ಯಾರು?’ ನಾನು ಪರೀಕ್ಷೆಯ ಉತ್ತರವನ್ನೇ ಹೇಳಿದೆ: ರಾಮೈತಾಳ, ಮಗ ಲಚ್ಚ, ಮೊಮ್ಮಗ ರಾಮ, ಮೂರು ತಲೆಮಾರಿನ ಕತೆ. ಅವನಿಗೆ ಸಮಾಧಾನ ಆಗಲಿಲ್ಲ. ‘ಐತಾಳರು ಪೌರೋಹಿತ್ಯಕ್ಕೆ ಅಂತ ಹೋಗ್ತಾರೆ, ಊಟ ಮಾಡ್ತಾರೆ, ಬರ್ತಾರೆ. ಗದ್ದೆಯಲ್ಲಿ ಇರುವುದು ಹೆಂಡತಿ ಪಾರೋತಿ, ತಂಗಿ ಸರಸೋತಿ. ನೆರೆ ನೀರಿನಲ್ಲಿ ತೇಲಿಬಂದ ಮರ ಹಿಡಿದು ದಡಕ್ಕೆ ಎಳೆಯುವುದೂ ಅವರೇ.’

ಹಾಗಾದರೆ ಲೆಕ್ಕ ಇಡುವ ಎಂದು ಬಿಸಿಎ ಹುಡುಗಿ ಡ್ರಾಯಿಂಗ್ ಶೀಟಿನ ನಡುವೆ ಗೆರೆ ಎಳೆದಳು. ಎಡಕ್ಕೆ ಗಂಡಸರು, ಬಲಕ್ಕೆ ಹೆಂಗಸರು. ಓದುತ್ತಾ ಹೋದ ಹಾಗೆ ಯಾರು ಯಾವ ಕೆಲಸ ಮಾಡಿದರು ಅಂತ ಒಂದೊಂದು ಸಾಲು. ಒಂದೇ ಕೆಲಸವನ್ನು ಎರಡು ಸಲ ಬರೆಯುವ ಹಾಗಿಲ್ಲ, ಬೇರೆ ಜಾಗದಲ್ಲಿ ಮತ್ತೆ ಬಂದರೆ ಪಕ್ಕಕ್ಕೆ ಚುಕ್ಕಿ ಇಡುವುದು. ಸಂಜೆಯೊಳಗೆ ಬಲಗಡೆ ಜಾಗ ಮುಗಿದು ಕೆಳಗೆ ಇನ್ನೊಂದು ಹಾಳೆ ಅಂಟಿಸಬೇಕಾಯಿತು. ಒಂಬತ್ತನೇ ಕ್ಲಾಸಿನವಳು ಗೋಂದಿನ ಬಾಟಲಿ ಹಿಡಿದು, ‘ಸರಸೋತಿಗೆ ಇನ್ನೊಂದು ಹಾಳೆ ಬೇಕು’ ಅಂದಳು. ಅದೇ ನಮ್ಮ ಗುಂಪಿನ ಹೆಸರಿನ ಹಾಗೆ ಆಗಿಬಿಟ್ಟಿದೆ.

ಸರಸೋತಿ ಐತಾಳರ ತಂಗಿ, ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ಅಣ್ಣನ ಮನೆಯಲ್ಲಿ ಉಳಿದವಳು. ಮನೆಗೆ ಎರಡನೇ ಹೆಂಡತಿ ಬಂದಾಗಲೂ ಅತ್ತಿಗೆಯ ಕೈ ಬಿಡದವಳು. ಅವಳ ಹೆಸರಿಗೆ ಆಸ್ತಿ ಇಲ್ಲ, ಮಕ್ಕಳಿಲ್ಲ. ಒಂಬತ್ತು ಮಂದಿಗೂ ಹಿಡಿಸಿದವಳು ಅವಳೇ. ನಾನು ಇಷ್ಟು ವರ್ಷ ಈ ಪುಸ್ತಕವನ್ನು ಮೂವರು ಗಂಡಸರ ಕತೆ ಎಂದೇ ನೆನಪಿಟ್ಟುಕೊಂಡಿದ್ದೆ.

ಮೇ 4

ಲಚ್ಚ ಕುಂದಾಪುರಕ್ಕೆ ಹೋದ. ಇತ್ತ ಪಕ್ಕದ ಮನೆಯ ಶೀನಮಯ್ಯರ ಮಕ್ಕಳು ಬೆಂಗಳೂರಿಗೆ ಹೋಗಿ ಹೋಟೆಲ್ ಇಟ್ಟರು. ಇಲ್ಲಿಗೆ ಬಂದಾಗ ಬೆಂಗಳೂರಿನ ಹುಡುಗ ಮೊದಲ ಸಲ ತಾನಾಗಿಯೇ ಬಾಯಿ ತೆರೆದ. ಅವನ ಅಪ್ಪ ಅಲ್ಲಿ ಹೋಟೆಲಿನಲ್ಲಿ ಕ್ಯಾಶಿಯರ್. ಹದಿನಾಲ್ಕನೇ ವಯಸ್ಸಿಗೆ ಊರಿನಿಂದ ಲೋಟ ತೊಳೆಯಲು ಹೋದವರು. ‘ಪುಸ್ತಕದಲ್ಲಿ ಬೇಗ ದುಡ್ಡಾಯ್ತು. ನಮ್ಮಪ್ಪನಿಗೆ ಇನ್ನೂ ಆಗಿಲ್ಲ’ ಅಂದ. ಎಲ್ಲರೂ ನಕ್ಕರು, ಅವನೂ ನಕ್ಕ.

ಮಾವಳ್ಳಿ ಟಿಫಿನ್ ರೂಮ್ ಶುರು ಮಾಡಿದವರೂ ಇಲ್ಲೇ ಪಾರಂಪಳ್ಳಿಯ ಮಯ್ಯ ಸಹೋದರರು, ವರ್ಷ 1924 ಎಂದು ಹೇಳಿದೆ. ಕಾದಂಬರಿ ಅವರದೇ ಕತೆ ಅಂತಲ್ಲ. ಆದರೆ ಆ ಹೊತ್ತಿಗೆ ಈ ಕರಾವಳಿಯಲ್ಲಿ ಪಕ್ಕದ ಮನೆಯ ಹುಡುಗ ಹೋಟೆಲಿಗೆಂದು ಹೊರಡುವುದು ಎಷ್ಟು ಮಾಮೂಲು ಆಗಿತ್ತು ಎಂಬುದಕ್ಕೆ ಅದೊಂದು ಗುರುತು. ಶೀನಮಯ್ಯರ ಮನೆ ಏಳುತ್ತಿದ್ದಂತೆ ಐತಾಳರ ಹೊಟ್ಟೆಯಲ್ಲಿ ಆಗುವ ಸಂಕಟವನ್ನು ಮಾತ್ರ ಯಾರೂ ವಿವರಿಸಿ ಹೇಳಬೇಕಾಗಲಿಲ್ಲ. ನಮ್ಮ ಬೀದಿಯಲ್ಲೇ ಎರಡು ಮನೆ ಹಾಗೆ ಎದ್ದಿವೆ, ಒಂದರ ಗೇಟು ಇನ್ನೊಂದಕ್ಕಿಂತ ಬೇಕೆಂದೇ ಒಂದಡಿ ಎತ್ತರ.

ಬೆಂಗಳೂರಿನ ಹುಡುಗನದೇ ಇನ್ನೊಂದು ಪ್ರಶ್ನೆ: ಮುಂದೆ ಮೊಮ್ಮಗ ರಾಮ ಓದಲಿಕ್ಕೆ ಮದರಾಸಿಗೆ ಯಾಕೆ ಹೋಗುತ್ತಾನೆ, ಬೆಂಗಳೂರು ಹತ್ತಿರ ಅಲ್ಲವಾ? (ಯಾರೋ ಮುಂದಿನ ಕತೆ ಹೇಳಿಬಿಟ್ಟಿದ್ದಾರೆ. ಯಾರು ಅಂತ ಗೊತ್ತು.) ದಕ್ಷಿಣ ಕನ್ನಡ ಆಗ ಮದರಾಸು ಪ್ರಾಂತ್ಯದ ಜಿಲ್ಲೆ, ಬೆಂಗಳೂರು ಮೈಸೂರು ಮಹಾರಾಜರದು. ಎರಡೂ ಒಂದೇ ರಾಜ್ಯದೊಳಗೆ ಬಂದದ್ದು 1956ರಲ್ಲಿ. ಹುಡುಗ, ‘ಹಂಗಾದ್ರೆ ಶೀನಮಯ್ಯರ ಮಕ್ಕಳು ಫಾರಿನ್‌ಗೆ ಹೋದಂಗೆ’ ಅಂದ. ಬಹುತೇಕ ಹಾಗೆಯೇ.

ಮೇ 11

ಈ ವಾರ ನನಗೇ ಕಷ್ಟದ್ದು. ಲಚ್ಚ ಇಸ್ಪೀಟು, ಸುಳ್ಳು, ಸಾಲ ಎಲ್ಲ ಕಲಿತ. ಹೊರಗೆ ಅಂಟಿಸಿಕೊಂಡ ರೋಗವನ್ನು ಹೆಂಡತಿ ನಾಗವೇಣಿಗೂ ತಂದ. ಒಂಬತ್ತನೇ ಕ್ಲಾಸಿನವರ ಎದುರು ಇದನ್ನು ಹೇಗೆ ಎತ್ತುವುದು ಎಂದು ಮೂರು ದಿನ ಯೋಚಿಸಿದ್ದೆ. ಹಾರಿಸಿ ಓದುವ ಆಲೋಚನೆಯೂ ಬಂದಿತ್ತು. ಕೊನೆಗೆ ಅವರ ತಾಯಂದಿರಿಗೆ ಮೊದಲೇ ಫೋನು ಮಾಡಿ ಹೇಳಿದೆ. ಒಬ್ಬರು, ‘ಅಕ್ಕ, ಅವಳಿಗೆ ವಿಜ್ಞಾನದಲ್ಲಿ ಬಂದದ್ದೇ’ ಎಂದು ಫೋನಿಟ್ಟರು.

ಮಕ್ಕಳು ನನಗಿಂತ ಸಲೀಸಾಗಿ ಮಾತಾಡಿದರು. ಅವರ ಸಿಟ್ಟು ರೋಗದ ಮೇಲೆ ಇರಲಿಲ್ಲ, ‘ಇವನಿಗೆ ಮದುವೆ ಮಾಡಿದರೆ ಸರಿ ಹೋಗ್ತಾನೆ ಅಂತ ಅಂದುಕೊಂಡರಲ್ಲ’ ಎಂಬುದರ ಮೇಲೆ. ಅಲ್ಲಿಂದ ಮಾತು ನಮ್ಮೂರಿನ ಎರಡು ಮದುವೆಗಳಿಗೆ ಹೋಯಿತು, ಅದನ್ನು ಇಲ್ಲಿ ಬರೆಯುವುದಿಲ್ಲ.

ಐತಾಳರು ಆಸ್ತಿಯನ್ನು ಮಗನಿಗೆ ಕೊಡದೆ ಸೊಸೆಯ ಹೆಸರಿಗೆ ಬರೆದದ್ದಕ್ಕೆ ಜಗಲಿಯಲ್ಲಿ ಚಪ್ಪಾಳೆ ಬಿತ್ತು. ಆ ಮನುಷ್ಯನಿಗೆ ಸಿಕ್ಕ ಮೊದಲ ಚಪ್ಪಾಳೆ.

ಚಾರ್ಟಿನಲ್ಲೂ ಒಂದು ಜಗಳ. ನಾಗವೇಣಿ ಪಿಟೀಲು ಬಾರಿಸುತ್ತಾಳೆ. ಅದು ಕೆಲಸವೋ ಅಲ್ಲವೋ? ‘ಅದರಿಂದ ಯಾರ ಹೊಟ್ಟೆಯೂ ತುಂಬುವುದಿಲ್ಲ’ ಎಂದು ಒಂದು ಪಕ್ಷ. ‘ಅದಿಲ್ಲದಿದ್ದರೆ ಅವಳು ಉಳಿಯುತ್ತಲೇ ಇರಲಿಲ್ಲ’ ಎಂದು ಇನ್ನೊಂದು. ಅರ್ಧ ಗಂಟೆ ವಾದ ಮಾಡಿ, ಎರಡು ಹಾಳೆ ಕೂಡುವ ಅಂಟಿನ ಗೆರೆಯ ಮೇಲೆಯೇ ‘ಪಿಟೀಲು’ ಎಂದು ಬರೆದರು.

ಮೇ 15

ಓದು ಇಲ್ಲ, ಪ್ರಯೋಗ. ಸರಸೋತಿ ಮರಳಿನ ಮೇಲೆ ಹೊರೆ ಹೊತ್ತು ನಡೆಯುವುದು ಎಷ್ಟು ಕಷ್ಟ ಎಂಬ ಚರ್ಚೆ ಮುಗಿಯದೆ, ಹತ್ತು ಕಿಲೋ ಸೌದೆ ಕಟ್ಟಿಕೊಂಡು ಕಡಲಿಗೇ ಹೋದೆವು. ಟಾರು ರಸ್ತೆಯಲ್ಲಿ ಅರ್ಧ ಕಿಲೋಮೀಟರಿಗೆ ಎಂಟು ನಿಮಿಷ. ಅಷ್ಟೇ ದೂರ ಒಣ ಮರಳಿನಲ್ಲಿ ಹದಿನಾಲ್ಕು, ಅದೂ ಎರಡು ಕಡೆ ಹೊರೆ ಇಳಿಸಿ. ಹೊತ್ತವನು ಜಿಮ್ಮಿಗೆ ಹೋಗುವ ಪಿಯುಸಿ ಹುಡುಗ. ಬಲೆ ಸರಿ ಮಾಡುತ್ತಿದ್ದ ಮರಕಾಲ ಅಜ್ಜ ಒಬ್ಬರು ನಮ್ಮನ್ನು ನೋಡಿ, ಸೌದೆ ಬೇಕಾದರೆ ಅಂಗಡಿಯಲ್ಲಿ ಸಿಗುತ್ತದೆ ಎಂದು ದಾರಿ ಹೇಳಿದರು.

ವಾಪಸು ಬರುವಾಗ ಕೋಟತಟ್ಟಿನ ಕಾರಂತ ಥೀಮ್ ಪಾರ್ಕಿಗೂ ಹೋಗಿ ಬಂದೆವು. ಫೋಟೋ ತೆಗೆದರು, ಐಸ್‌ಕ್ರೀಮ್ ತಿಂದರು.

ಮೇ 18

ಎಸ್ಸೆಸ್ಸೆಲ್ಸಿ ಬರೆದ ಹುಡುಗಿಯೊಬ್ಬಳು ಇಷ್ಟು ವಾರ ಹೆಚ್ಚು ಮಾತಾಡಿದವಳಲ್ಲ. ಇವತ್ತು ಸ್ಕೇಲ್ ತಂದಿದ್ದಳು. ಬಂದವಳೇ ಚಾರ್ಟಿನ ಬಲಗಡೆಗೆ ಇನ್ನೊಂದು ಗೆರೆ ಎಳೆದಳು. ಮೇಲೆ ‘ಸೂರ, ಬಚ್ಚಿ’ ಎಂದು ಬರೆದಳು.

ಸೂರ, ಬಚ್ಚಿ ಐತಾಳರ ಗದ್ದೆಯ ಆಳುಗಳು. ‘ನಾವು ಸರಸೋತಿಯ ಕೆಳಗೆ ಬರೆದದ್ದರಲ್ಲಿ ಎಷ್ಟೋ ಇವರು ಸೇರಿ ಮಾಡಿದ್ದು. ನಾವು ಬರೆಯಲೇ ಇಲ್ಲ’ ಅಂದಳು. ಯಾರೂ ಮಾತಾಡಲಿಲ್ಲ. ಅವಳ ಅಜ್ಜ ಚಾಲಗೇಣಿ ಒಕ್ಕಲು, ಅಂದರೆ ಬೇರೆಯವರ ಗದ್ದೆಯನ್ನು ಗೇಣಿಗೆ ಮಾಡುತ್ತಿದ್ದವರು. 1974ರ ಭೂಸುಧಾರಣೆ ತಿದ್ದುಪಡಿ ಬಂದ ಮೇಲೆ ಡಿಕ್ಲರೇಶನ್ (ಉಳುವ ಗದ್ದೆ ತಮಗೆ ಬೇಕೆಂಬ ಅರ್ಜಿ) ಹಾಕಿ ಗದ್ದೆ ಅವರದಾಯಿತು. ನಮ್ಮ ಮನೆಯ ಎರಡು ಗದ್ದೆ ಹೋದದ್ದೂ ಅದೇ ಡಿಕ್ಲರೇಶನ್‌ನಲ್ಲಿ. ಅವಳಿಗೂ ಅದು ಗೊತ್ತು, ನನಗೂ ಗೊತ್ತು, ಬಾಗಿಲ ಹತ್ತಿರ ಕೂತಿದ್ದ ಅಜ್ಜಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತು. ಅಜ್ಜಿ ಎದ್ದು ಒಳಗೆ ಹೋದರು. ಸಿಟ್ಟಾಯಿತೇನೋ ಅಂದುಕೊಂಡೆ. ಪುನರ್ಪುಳಿ ಶರಬತ್ತು ತಂದು ಮೊದಲು ಅವಳಿಗೇ ಕೊಟ್ಟರು. ಅದಕ್ಕಿಂತ ಹೆಚ್ಚಿಗೆ ಏನೂ ನಡೆಯಲಿಲ್ಲ, ನಾನೂ ಹೆಚ್ಚಿಗೆ ಅರ್ಥ ಹಚ್ಚುವುದಿಲ್ಲ.

ಆಮೇಲೆ ಹಿಂದಿನಿಂದ ಪುಟ ತಿರುವಿ ಮೂರನೇ ಕಾಲಂ ತುಂಬಿಸಲು ಕೂತೆವು. ಬೇಗ ಮುಗಿಯಿತು. ಸೂರ ಬಚ್ಚಿಯರ ಕೆಲಸ ಪುಸ್ತಕದಲ್ಲಿ ಕಾಣುತ್ತದೆ, ಅವರ ಮನೆಯ ಒಲೆ ಕಾಣುವುದು ಕಡಿಮೆ. ಐತಾಳರ ಮನೆಯ ಒಲೆಯಾದರೆ ಎಷ್ಟು ಹೊತ್ತಿಗೆ ಉರಿಯಿತು, ಎಷ್ಟು ಹೊತ್ತಿಗೆ ಆರಿತು ಎಲ್ಲವೂ ಗೊತ್ತು. ಕಾರಂತರಿಗೆ ಆ ಕಣ್ಣು ಇರಲಿಲ್ಲ ಅನ್ನುವಂತಿಲ್ಲ. 1933ರಲ್ಲೇ ‘ಚೋಮನ ದುಡಿ’ ಬರೆದವರು ಅವರು, ಉಳುವ ಆಸೆ ಇಟ್ಟುಕೊಂಡೂ ಉಳಲು ಬಿಡದ ಊರಿನಲ್ಲಿ ಸತ್ತ ಚೋಮನ ಕತೆ. ಆದರೆ ಈ ಪುಸ್ತಕ ಕೂತಿರುವುದು ಜಗಲಿಯ ಮೇಲೆ, ನಮ್ಮ ಹಾಗೆಯೇ. ನಾನು ಹೀಗೆ ಅಂದದ್ದಕ್ಕೆ ಬಿಸಿಎ ಹುಡುಗಿ ಒಪ್ಪಲಿಲ್ಲ. ಒಂದು ಪುಸ್ತಕ ಎಲ್ಲರ ಮನೆಗೂ ಹೋಗಲಿಕ್ಕೆ ಆಗುತ್ತದಾ ಎಂದು ಅವಳ ವಾದ. ಮುಂದಿನ ಬೇಸಿಗೆಗೆ ‘ಚೋಮನ ದುಡಿ’ ಎಂಬುದಕ್ಕೆ ಮಾತ್ರ ಇಬ್ಬರ ಸಹಮತ ಇದೆ. ತೆಳು ಪುಸ್ತಕ, ಕ್ರಿಕೆಟ್ಟಿನವರನ್ನೂ ಕರೆಯಬಹುದು.

ಮೇ 25

ಕೊನೆಯ ಕೂಟ. ಎಂಟು ಮಂದಿ. ಬೆಂಗಳೂರಿನ ಹುಡುಗ ನಿನ್ನೆ ರಾತ್ರಿ ಬಸ್ಸಿಗೆ ಹೋದ, ಫೋನಿನಲ್ಲಿ ಸೇರಿಕೊಂಡ.

ಮದರಾಸಿನಲ್ಲಿ ಓದಿ, ಚಳವಳಿಗೆ ಹೋಗಿ, ಜೈಲು ಕಂಡು, ಕೆಲಸ ಸಿಗದೆ, ಮುಂಬಯಿಯನ್ನೂ ನೋಡಿ ರಾಮ ಊರಿಗೆ ಬರುತ್ತಾನೆ. ನಾನು ಇದನ್ನು ಶಾಂತವಾಗಿ ಮುಗಿಸುವ ಅಂದುಕೊಂಡಿದ್ದೆ. ಪಿಯುಸಿ ಹುಡುಗ ಮೊದಲ ಮಾತಿಗೇ, ‘ಮುಂಬಯಿಯಲ್ಲಿ ಒಳ್ಳೆ ಸಂಬಳ ಸಿಕ್ಕಿದ್ದರೆ ಬರ್ತಿದ್ದನಾ?’ ಅಂದ. ಗುಂಪು ಒಡೆಯಿತು. ಬರುತ್ತಿರಲಿಲ್ಲ ಅಂದವರು ಐದು, ಬರುತ್ತಿದ್ದ ಅಂದವರು ಮೂರು. ಆ ಮೂವರ ಆಧಾರ ನಾಗವೇಣಿ, ಅವಳ ಪಿಟೀಲು, ಅದು ಮಗನಿಗೆ ಇಳಿದ ರೀತಿ. ಫೋನಿನಲ್ಲಿದ್ದವನು ಎರಡೂ ಕಡೆ ಸೇರಲಿಲ್ಲ. ‘ನಮ್ಮಪ್ಪ ಪ್ರತಿ ವರ್ಷ ಮುಂದಿನ ವರ್ಷ ಊರಿಗೆ ಹೋಗ್ಬಿಡೋಣ ಅಂತಾರೆ’ ಅಂದ. ಆಮೇಲೆ ನೆಟ್‌ವರ್ಕ್ ಹೋಯಿತು.

ಹೊರಡುವಾಗ ಒಂಬತ್ತನೇ ಕ್ಲಾಸಿನವಳು ಕೇಳಿದಳು, ‘ಅಕ್ಕ, ಮರಳಿ ಅಂದರೆ ತಿರುಗಿ ಅಂತ. ಆದರೆ ಈ ಊರಲ್ಲಿ ಮಣ್ಣಿಗಿಂತ ಮರಳೇ ಹೆಚ್ಚಲ್ಲ, ಬೇಕಂತಲೇ ಇಟ್ಟ ಹೆಸರಾ?’ ಆ ಪದವನ್ನು ನಾನು ಒಂದು ದಿನವೂ ಹಾಗೆ ಕೇಳಿಸಿಕೊಂಡಿರಲಿಲ್ಲ.

ಜೂನ್ 2

ಶಾಲೆ ಶುರುವಾಗಿದೆ. ಚಾರ್ಟ್ ನಾಲ್ಕು ಹಾಳೆ ಉದ್ದ ಆಗಿ ಸುರುಳಿ ಸುತ್ತಿ ಅಟ್ಟಕ್ಕೇರಿದೆ. ಇಲಿ ತಿನ್ನದಿದ್ದರೆ ಮುಂದಿನ ವರ್ಷ ತೆಗೆಯಬೇಕು. ನಾಲ್ಕು ಪ್ರತಿ ವಾಪಸು ಬಂದವು.

ಐದನೆಯದು ಅಜ್ಜಿಯ ಹತ್ತಿರ. ಮಧ್ಯಾಹ್ನ ಊಟ ಆದ ಮೇಲೆ ಭೂತಕನ್ನಡಿ ಹಿಡಿದು ಕೂರುತ್ತಾರೆ. ಜಗಲಿಯಲ್ಲಿ ಅರ್ಧಂಬರ್ಧ ಕೇಳಿದ್ದು ಸಾಲದಂತೆ, ಮೊದಲಿನಿಂದ ಓದಬೇಕಂತೆ. ಸತ್ಯಭಾಮೆ ಮನೆಗೆ ಬಂದಾಯಿತು. ನಿನ್ನೆ ಪುಸ್ತಕ ಮಡಿಚಿ, ‘ಪಾರೋತಿ ಹತ್ರ ಒಂದ್ ಮಾತ್ ಕೇಣ್ಲಿಲ್ಯಾ ಅವ?’ ಅಂದರು. ನಾನು ಏನೋ ಹೇಳಹೊರಟೆ. ಮುಂದಿನದು ಯಾರೂ ಹೇಳಬಾರದು ಎಂದು ಕೈ ಅಡ್ಡ ಹಿಡಿದರು.