ಡಬ್ಬಿ ಮೀನು ತಂದಿಟ್ಟಿದ್ದೀವಿ, ಏನು ಮಾಡೋದು?

ಸಾರ್ಡಿನ್ ಡಬ್ಬಿ ಹಿಡಿದುಕೊಂಡು ನನ್ನನ್ನು ಕೇಳುವವರು ಮೈಸೂರಿನಲ್ಲಿ ಬೇಕಾದಷ್ಟು ಜನ. ದುಬೈನಿಂದ ಮಗ ತಂದುಕೊಟ್ಟ ಅಂತ ಒಬ್ಬರು, ಸೂಪರ್ ಮಾರ್ಕೆಟ್ಟಿನಲ್ಲಿ ಕಣ್ಣಿಗೆ ಬಿತ್ತು, ತಗೊಂಡೆ ಅಂತ ಇನ್ನೊಬ್ಬರು. ತಂದ ಡಬ್ಬಿ ಮಾತ್ರ ಶೆಲ್ಫಿನಲ್ಲಿ ಹಾಗೇ ಕೂತಿರುತ್ತದೆ. ಮಂಡ್ಯ ಕಡೆಯ ನಮ್ಮ ಅತ್ತಿಗೆ ನೇರವಾಗಿಯೇ ಕೇಳಿದರು: “ಡಬ್ಬಿ ಮೀನ ಯಾರಾದ್ರೂ ತಿಂತಾರಾ? ನೀಚು ವಾಸ್ನೆ ಬರಾಕಿಲ್ವಾ? ಸಾರಿಗಾಕುದ್ರೆ ಕರಗೋಯ್ತದೆ, ಅದ್ನ ಎಂಗ್ ಮಾಡದು ಯೋಳವ್ವ.”

ಈ ಎಲ್ಲ ಪ್ರಶ್ನೆಗೂ ನನ್ನದು ಒಂದೇ ಉತ್ತರ. ಡಬ್ಬಿಯೊಳಗೆ ಇರುವುದು ಬೆಂದ ಮೀನು. ಹಸಿ ಮೀನೆಂದುಕೊಂಡು ಮತ್ತೆ ಬೇಯಿಸಲು ಹೊರಟರೆ ಅದು ಕರಗುತ್ತದೆ, ನಾರಾಗುತ್ತದೆ, ವಾಸನೆಯೂ ಏಳುತ್ತದೆ. ಅಡುಗೆಯೆಲ್ಲ ಮುಗಿದ ಮೇಲೆ ಕೊನೆಯಲ್ಲಿ ಸೇರಿಸಿದರೆ, ಇಲ್ಲವೇ ಒಲೆಗೇ ಇಡದೆ ತಿಂದರೆ, ಬಹಳ ಒಳ್ಳೆಯ ಮೀನು. ನಾನು ಮುಂದೆ ಹೇಳುವುದೆಲ್ಲ ಇದರ ಮೇಲೆಯೇ ನಿಂತಿದೆ.

ಕಾರ್ಖಾನೆಯಲ್ಲಿ ಮೀನಿನ ತಲೆ, ಕರುಳು ತೆಗೆದು, ಉಪ್ಪುನೀರಿನಲ್ಲಿ ನೆನೆಸಿ, ಸಾಮಾನ್ಯವಾಗಿ ಒಮ್ಮೆ ಆವಿಯಲ್ಲಿ ಬೇಯಿಸುತ್ತಾರೆ. ಆಮೇಲೆ ಡಬ್ಬಿಗೆ ಜೋಡಿಸಿ, ಎಣ್ಣೆಯನ್ನೋ ಟೊಮೆಟೊ ಸಾಸನ್ನೋ ತುಂಬಿ, ಗಾಳಿಯಾಡದಂತೆ ಮುಚ್ಚುತ್ತಾರೆ. ಮುಚ್ಚಿದ ಡಬ್ಬಿಯನ್ನು ಒತ್ತಡದ ಪಾತ್ರೆಯಲ್ಲಿಟ್ಟು 115ರಿಂದ 121 ಡಿಗ್ರಿಯವರೆಗೆ ಮತ್ತೆ ಕಾಯಿಸುತ್ತಾರೆ. ಕುಕ್ಕರಿನಲ್ಲಿ ಮೂಳೆ ಮೆತ್ತಗಾಗುತ್ತದಲ್ಲ, ಇಲ್ಲೂ ಅದೇ ಕೆಲಸ. ಮೀನನ್ನು ವರ್ಷಗಟ್ಟಲೆ ಕಾಯುವುದು ಈ ಕಾವು ಮತ್ತು ಆ ಬಿಗಿ ಮುಚ್ಚಳ. “ಏನೇನೋ ಕೆಮಿಕಲ್ ಹಾಕಿರ್ತಾರೆ” ಅಂತ ಹೆದರುವವರು ಡಬ್ಬಿಯ ಹಿಂದೆ ಬರೆದಿರುವುದನ್ನು ಓದಿ ನೋಡಬೇಕು. ಹೆಚ್ಚಿನವುಗಳಲ್ಲಿ ಮೀನು, ಎಣ್ಣೆ, ಉಪ್ಪು, ಇಷ್ಟೇ ಇರುತ್ತದೆ.

ಈ ವಿದ್ಯೆಗೆ ಇನ್ನೂರು ವರ್ಷ ದಾಟಿದೆ. ಫ್ರಾನ್ಸಿನ ನಿಕೋಲಾ ಅಪೇರ್ ಗಾಜಿನ ಬಾಟಲಿಯಲ್ಲಿ ಆಹಾರ ಮುಚ್ಚಿ ಕುದಿಸಿ ಕಾಪಾಡುವ ಕ್ರಮವನ್ನು 1810ರಲ್ಲಿ ಪುಸ್ತಕವಾಗಿ ಬರೆದ. ಅದೇ ವರ್ಷ ಇಂಗ್ಲೆಂಡಿನಲ್ಲಿ ಪೀಟರ್ ಡ್ಯುರಾಂಡ್ ತಗಡಿನ ಡಬ್ಬಿಗೆ ಪೇಟೆಂಟ್ ಪಡೆದ. ಆಹಾರ ಕೆಡುವುದು ಸೂಕ್ಷ್ಮಜೀವಿಗಳಿಂದ ಎಂದು ಪಾಶ್ಚರ್ ತೋರಿಸಿಕೊಟ್ಟದ್ದು ಇದೆಲ್ಲ ಆಗಿ ಎಷ್ಟೋ ವರ್ಷದ ಮೇಲೆ. ಮೈಸೂರಿನವರಿಗಂತೂ ಇದು ದೂರದ ಮಾತಲ್ಲ. ಸೈನಿಕರು ಗಡಿಯಲ್ಲಿ ಬಿಸಿ ಮಾಡಿಕೊಂಡು ತಿನ್ನುವ ಪೊಟ್ಟಣದ ಊಟವನ್ನು ರೂಪಿಸಿದ್ದು ನಮ್ಮ ಸಿದ್ಧಾರ್ಥನಗರದ ರಕ್ಷಣಾ ಆಹಾರ ಸಂಶೋಧನಾಲಯ. 1961ರಿಂದ ಇದೇ ಊರಿನಲ್ಲಿದೆ. ಆ ಪೊಟ್ಟಣದೊಳಗಿನ ಪಲಾವು ಕೆಡದೆ ಉಳಿಯುವುದಕ್ಕೂ ಡಬ್ಬಿಯೊಳಗಿನ ಮೀನು ಕೆಡದೆ ಉಳಿಯುವುದಕ್ಕೂ ಕಾರಣ ಒಂದೇ.

ಸಾರ್ಡಿನ್ ಅಂದರೆ ನಮ್ಮ ಬೂತಾಯಿಯ ಬಳಗ. ಕೇರಳದವರು ಮತ್ತಿ ಅನ್ನುತ್ತಾರೆ, ಕಾರವಾರದ ಕಡೆ ತಾರ್ಲೆ. ಯುರೋಪಿನ ಡಬ್ಬಿಗಳಲ್ಲಿರುವುದು ಅಟ್ಲಾಂಟಿಕ್, ಮೆಡಿಟರೇನಿಯನ್ ಕಡೆಯ ಬೇರೆ ಜಾತಿ, ಆದರೆ ರುಚಿಯಲ್ಲಿ ನಂಟು ಇದೆ. ಎಣ್ಣೆಯಲ್ಲಿಟ್ಟ ಮೀನು ಮೆತ್ತಗೆ, ತುಂಬಿಕೊಂಡಂತೆ ಇರುತ್ತದೆ. ಟೊಮೆಟೊ ಸಾಸಿನದು ಸ್ವಲ್ಪ ಸಿಹಿ. ಉಪ್ಪುನೀರಿನದು ಸಪ್ಪೆ, ಆದರೆ ಸಾರಿಗೆ ಅದೇ ಅನುಕೂಲ.

ಸಾರಿನ ವಿಷಯ ವಿವರವಾಗಿಯೇ ಹೇಳಬೇಕು, ಏಕೆಂದರೆ ಎಲ್ಲರೂ ಎಡವುವುದು ಅಲ್ಲೇ. ನಮ್ಮ ಕಡೆ ಮೀನು ಸಾರು ಮಾಡಿದ ದಿನಕ್ಕಿಂತ ಮಾರನೇ ದಿನ ರುಚಿ. ಹುಳಿ, ಖಾರ ರಾತ್ರಿಯೆಲ್ಲ ಕೂಡಿಕೊಂಡಿರುತ್ತವೆ. ಡಬ್ಬಿ ಮೀನಿನಲ್ಲಿ ಇದನ್ನು ಪಡೆಯಲು ದಾರಿ ಇದೆ: ಸಾರನ್ನು ಹಿಂದಿನ ರಾತ್ರಿಯೇ ಮೀನಿಲ್ಲದೆ ಮಾಡಿ, ಆರಿಸಿ ಫ್ರಿಜ್ಜಿನಲ್ಲಿಡಿ. ನಾಲ್ಕು ಜನಕ್ಕೆ 125 ಗ್ರಾಮಿನ ಎರಡು ಡಬ್ಬಿ ಸಾಕು. ಒಂದು ದೊಡ್ಡ ಈರುಳ್ಳಿ, ಒಂದು ಗೆಡ್ಡೆ ಬೆಳ್ಳುಳ್ಳಿ, ಎರಡು ಟೊಮೆಟೊ ಹುರಿದುಕೊಂಡು, ಒಂದು ಹಿಡಿ ತೆಂಗಿನಕಾಯಿ ತುರಿ, ಎರಡು ಚಮಚ ಧನಿಯಾ ಪುಡಿ, ಖಾರದ ಪುಡಿ, ಅರಿಶಿನ, ಚಿಟಿಕೆ ಹುರಿದ ಮೆಂತ್ಯ ಹಾಕಿ ನುಣ್ಣಗೆ ರುಬ್ಬಿ. ಚಕ್ಕೆ ಲವಂಗ ಖಂಡಿತ ಬೇಡ. ಅವು ಮಾಂಸದ ಸಾರಿಗೆ ಸರಿ, ಮೀನಿನ ರುಚಿಯನ್ನು ಮುಚ್ಚಿಬಿಡುತ್ತವೆ. ನಿಂಬೆಗಾತ್ರದ ಹುಣಸೆಹಣ್ಣು ಕಿವುಚಿದ ರಸವನ್ನು ಸೇರಿಸಿ, ಹಸಿ ವಾಸನೆ ಹೋಗಿ ಮೇಲೆ ಎಣ್ಣೆ ತೇಲುವವರೆಗೆ ಕುದಿಸಿ. ಮೀನಿನ ಸಾರಿನಲ್ಲಿ ಹುಳಿ ಮುಂದಿರಬೇಕು. ಉಪ್ಪು ಮಾತ್ರ ಅರ್ಧ ಹಾಕಿ, ಏಕೆಂದರೆ ಮೀನಿನಲ್ಲೇ ಉಪ್ಪಿದೆ.

ಮಾರನೇ ದಿನ ಸಾರನ್ನು ಚೆನ್ನಾಗಿ ಕುದಿ ಬರಿಸಿ, ಒಲೆ ಆರಿಸಿ, ಆಮೇಲೆ ಮೀನನ್ನು ಒಂದೊಂದಾಗಿ ಇಳಿಬಿಡಿ. ಸೌಟು ಆಡಿಸಬೇಡಿ. ಪಾತ್ರೆಯನ್ನೇ ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಕುಲುಕಿ, ಮುಚ್ಚಿ ಹತ್ತು ನಿಮಿಷ ಬಿಡಿ. ಮೀನು ಇಡಿಯಾಗಿ ಉಳಿಯುತ್ತದೆ, ಹುಳಿ ಒಳಗಿಳಿಯುತ್ತದೆ. ಬಿಸಿ ಮುದ್ದೆಗೆ ಇದಕ್ಕಿಂತ ಒಳ್ಳೆಯ ಜೊತೆ ಇಲ್ಲ ಅಂತಲೇ ನನ್ನ ಅಭಿಪ್ರಾಯ. ಕಾವೇರಿ ಬಯಲಿನವರು ಕಾಟ್ಲ, ಜಿಲೇಬಿ ಮೀನಿನ ಸಾರು ತಿಂದು ಬೆಳೆದವರು. ಸಮುದ್ರದ ಮೀನಿನ ಕೊಬ್ಬು ನಾಲಿಗೆಗೆ ಬೇರೆ ರೀತಿ ಹತ್ತುತ್ತದೆ. ಮೊದಲ ಸಲಕ್ಕೆ ಹುಳಿ ಇನ್ನೊಂದು ಚೂರು ಹೆಚ್ಚಿಗೆ ಇರಲಿ.

ಒಣಸೀಗಡಿ, ಬದನೆಕಾಯಿ ಹಾಕಿ ಗೊಜ್ಜು ಮಾಡುವ ಮನೆಗಳಲ್ಲಿ ಈ ಮೀನಿಗೆ ಆಗಲೇ ಜಾಗ ಇದ್ದ ಹಾಗೆ. ಗೊಜ್ಜು ಗಟ್ಟಿಯಾಗಿ ಬದನೆಕಾಯಿ ಮೆತ್ತಗಾದ ಮೇಲೆ ಒಂದು ಡಬ್ಬಿ ಮೀನು ಮುರಿದು ಹಾಕಿ, ಒಮ್ಮೆ ಮಗುಚಿ ಇಳಿಸಿ. ಟೊಮೆಟೊ ಸಾಸಿನ ಡಬ್ಬಿಯನ್ನು ನಾನು ಇಟ್ಟುಕೊಳ್ಳುವುದೇ ಇದಕ್ಕೆ. ಆ ಸಾಸಿನ ಸಿಹಿಯನ್ನು ಬದನೆ, ಹಸಿಮೆಣಸಿನಕಾಯಿ, ಹುಣಸೆ ಮೂರೂ ಸೇರಿ ಹಿಡಿತಕ್ಕೆ ತರುತ್ತವೆ.

ಒಲೆಯೇ ಹಚ್ಚದೆ ತಿನ್ನುವುದು ನನಗೆ ಎಲ್ಲಕ್ಕಿಂತ ಇಷ್ಟ. ಸಣ್ಣಗೆ ಹೆಚ್ಚಿದ ಈರುಳ್ಳಿ, ಹಸಿಮೆಣಸಿನಕಾಯಿ, ಕೊತ್ತಂಬರಿ ಸೊಪ್ಪಿಗೆ ನಿಂಬೆಹಣ್ಣು ಹಿಂಡಿ, ಎಣ್ಣೆ ಸೋಸಿದ ಮೀನನ್ನು ಬೆರಳಲ್ಲೇ ದೊಡ್ಡ ತುಂಡಾಗಿ ಮುರಿದು ಬೆರೆಸಿ. ಬಿಸಿ ಅಕ್ಕಿ ರೊಟ್ಟಿಯ ಮೇಲೆ ಹರಡಿಕೊಂಡು ತಿನ್ನಿ. ಸಂಜೆ ಹೊತ್ತು ಇದನ್ನೇ ಕಳ್ಳೆಪುರಿಗೆ ಸೇರಿಸಿ, ಕ್ಯಾರೆಟ್ ತುರಿ, ಹುರಿದ ಕಡಲೆಬೀಜ, ಚೂರು ಖಾರದ ಪುಡಿ ಹಾಕಿದರೆ ಚುರುಮುರಿ. ಮೀನು ಕಟ್ಟಕಡೆಗೆ ಬೀಳಬೇಕು, ಕಲಸಿದ ಕೂಡಲೇ ತಟ್ಟೆ ಖಾಲಿಯಾಗಬೇಕು. ಇಲ್ಲದಿದ್ದರೆ ಪುರಿ ಮೆತ್ತಗಾಗುತ್ತದೆ. ಪೋರ್ಚುಗಲ್ಲಿನಲ್ಲಿ ಡಬ್ಬಿ ತೆರೆದು ಬ್ರೆಡ್ಡಿನ ಜೊತೆ ಹಾಗೆಯೇ ತಿನ್ನುತ್ತಾರೆ, ಫ್ರಾನ್ಸಿನಲ್ಲಿ ಒಳ್ಳೆಯ ಡಬ್ಬಿಗಳನ್ನು ವರ್ಷಗಟ್ಟಲೆ ಇಟ್ಟು, ಆಗಾಗ ತಿರುಗಿಸುತ್ತಾ, ಎಣ್ಣೆ ಮೀನಿಗೆ ಇಳಿಯಲಿ ಎಂದು ಕಾಯುವವರೂ ಇದ್ದಾರೆ. ಅಷ್ಟು ಗೌರವಕ್ಕೆ ಅರ್ಹವಾದ ಮೀನನ್ನು ನಾವು ಅನುಮಾನದಿಂದ ನೋಡುತ್ತೇವೆ ಅನ್ನುವುದು ನನಗೆ ಬೇಸರದ ಸಂಗತಿ.

ಫ್ರೈ ಮಾಡಬಹುದಾ ಅಂತ ಮಕ್ಕಳಿರುವವರು ಕೇಳುತ್ತಾರೆ. ಮಾಡಬಹುದು. ಮೀನನ್ನು ಬಟ್ಟೆಯಲ್ಲಿ ಒತ್ತಿ ಎಣ್ಣೆ, ನೀರು ತೆಗೆದು, ಖಾರದ ಪುಡಿ ಬೆರೆಸಿದ ಅಕ್ಕಿ ಹಿಟ್ಟನ್ನು ಮೇಲಷ್ಟೇ ಉದುರಿಸಿ, ಕಾದ ಹೆಂಚಿನಲ್ಲಿ ಒಂದೇ ಸಲ ತಿರುಗಿಸಿ. ಮೇಲ್ಮೈ ಗರಿಗರಿಯಾದರೆ ಮುಗಿಯಿತು. ಬಾಣಲೆ ಎಣ್ಣೆಯಲ್ಲಿ ಕರಿಯಬೇಡಿ, ಪುಡಿಯಾಗಿ ಹೋಗುತ್ತದೆ. ಬೇಯಿಸಿದ ಆಲೂಗಡ್ಡೆ ಜೊತೆ ಕಟ್ಲೆಟ್ ಕೂಡ ಸುಲಭ.

ಇನ್ನು ವಾಸನೆಯ ಮಾತು. ಮೀನಿನ ನೀಚು ವಾಸನೆಗೆ ಮುಖ್ಯ ಕಾರಣ ಟ್ರೈಮಿಥೈಲಮೈನ್ ಎಂಬ ಕ್ಷಾರ ಗುಣದ ವಸ್ತು. ಹುಳಿ ತಾಗಿದರೆ ಅದು ಆವಿಯಾಗಿ ಮೂಗಿಗೆ ಏರುವುದು ಕಡಿಮೆಯಾಗುತ್ತದೆ. ನಮ್ಮ ಹಿರಿಯರು ಮೀನಿಗೆ ಹುಣಸೆ, ನಿಂಬೆ, ಮಾವಿನಕಾಯಿ ಬಳಸಿದ್ದು ರುಚಿಗಷ್ಟೇ ಅಲ್ಲ. ಡಬ್ಬಿಯ ಎಣ್ಣೆಯನ್ನು ಜೋರು ಉರಿಯಲ್ಲಿ ಕಾಯಿಸಿದರೆ ಮನೆಯೆಲ್ಲ ವಾಸನೆ ತುಂಬುವುದು ನಿಜ. ಅದನ್ನು ಒಗ್ಗರಣೆಗೆ ಹಾಕದೆ, ರುಚಿ ಬೇಕಿದ್ದರೆ ಒಂದು ಚಮಚ ಕೊನೆಯಲ್ಲಿ ಹಸಿಯಾಗಿಯೇ ಸೇರಿಸಿ.

ಮುಳ್ಳು ತೆಗೆಯಬೇಕಾ? ಬೇಡ. ಬೆರಳಲ್ಲಿ ಒತ್ತಿದರೆ ಪುಡಿಯಾಗುವಷ್ಟು ಮೆತ್ತಗಿರುತ್ತದೆ. ಇದರ ಕ್ಯಾಲ್ಸಿಯಂ ಇರುವುದೇ ಆ ಮುಳ್ಳಿನಲ್ಲಿ. ಮುಳ್ಳಿನ ಸಮೇತ 100 ಗ್ರಾಂ ಮೀನಿನಲ್ಲಿ ಸುಮಾರು 380 ಮಿಲಿಗ್ರಾಂ ಕ್ಯಾಲ್ಸಿಯಂ, 24 ಗ್ರಾಂ ಪ್ರೋಟೀನ್ ಸಿಗುತ್ತದೆ, ಬಿ12 ಕೂಡ ಧಾರಾಳ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಮೊಣಕಾಲು ನೋವು ಅನ್ನುವ ಮನೆಯ ಹಿರಿಯರಿಗೆ ಮುದ್ದೆ ಜೊತೆ ಬಡಿಸಿ ಅಂತ ಹೇಳುವ ಮುನ್ನ ಇನ್ನೊಂದನ್ನೂ ಹೇಳಬೇಕು: ನೋವು ಯೂರಿಕ್ ಆಸಿಡ್‌ನಿಂದ ಬಂದಿದ್ದರೆ ಈ ಮೀನು ಬೇಡ, ಯೂರಿಕ್ ಆಸಿಡ್ ಹೆಚ್ಚಿಸುವ ಪ್ಯೂರಿನ್ ಎಂಬ ಅಂಶ ಇದರಲ್ಲಿ ಜಾಸ್ತಿ. ಬಿಪಿಗೆ ಉಪ್ಪು ಕಡಿಮೆ ಮಾಡಿದವರೂ ಡಾಕ್ಟರನ್ನು ಕೇಳಿಯೇ ತಿನ್ನಲಿ.

ಉಬ್ಬಿದ ಡಬ್ಬಿ, ತೆರೆದಾಗ ಚಿಮ್ಮುವ ಡಬ್ಬಿ, ಅಂಚಿನ ಬೆಸುಗೆಯಲ್ಲಿ ಜಜ್ಜಿದ ಡಬ್ಬಿ, ಇವನ್ನು ರುಚಿ ಕೂಡ ನೋಡದೆ ಬಿಸಾಡಿ. ಕೆಟ್ಟ ಡಬ್ಬಿಯ ವಿಷದಿಂದ ಬರುವ ಬಾಟುಲಿಸಂ ಎಂಬ ಕಾಯಿಲೆ ಪ್ರಾಣಕ್ಕೇ ಮುಳುವಾಗಬಹುದು. ತೆರೆದ ಮೇಲೆ ಉಳಿದದ್ದನ್ನು ಗಾಜಿನ ಅಥವಾ ಸ್ಟೀಲ್ ಡಬ್ಬಿಗೆ ಹಾಕಿ ಫ್ರಿಜ್ಜಿನಲ್ಲಿಟ್ಟು ಎರಡು ದಿನದೊಳಗೆ ಮುಗಿಸಿ. ಡಬ್ಬಿಯನ್ನು ಹಾಗೇ ಒಲೆ ಮೇಲೆ ಇಡಬೇಡಿ.

ಮಂಗಳೂರಿನಿಂದ ಐಸಿನಲ್ಲಿ ಒಳ್ಳೆಯ ಬೂತಾಯಿ ಬಂದ ದಿನ ಡಬ್ಬಿ ತೆರೆಯುವ ಅಗತ್ಯ ಇಲ್ಲ, ಹಸಿಯದ್ದೇ ಮೇಲು. ಆದರೆ ಜೂನ್ 1ರಿಂದ ಜುಲೈ 31ರವರೆಗೆ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳಿಗೆ ನಿಷೇಧವಿರುತ್ತದೆ. ಮೀನು ಕಡಿಮೆ, ಬೆಲೆ ಏರು. ನಾನು ಡಬ್ಬಿಗಳನ್ನು ಹೆಚ್ಚು ಬಳಸುವುದು ಆ ಎರಡು ತಿಂಗಳು. ಮೊದಲ ಸಲ ಕೊಳ್ಳುವವರು ಎಣ್ಣೆಯಲ್ಲಿಟ್ಟ ಚಿಕ್ಕ ಡಬ್ಬಿ ಒಂದನ್ನೇ ತನ್ನಿ, ನಿಂಬೆ, ಈರುಳ್ಳಿ ಹಾಕಿ ರೊಟ್ಟಿ ಜೊತೆ ತಿಂದು ನೋಡಿ. ಒಗ್ಗಿದರೆ ಮುಂದಿನ ವಾರ ಸಾರು ಮಾಡಿ.