ಕೇಳಿದರೆ ಮಾತ್ರ ಮಾತಾಡು

"ಮೈಕ್ರೋಕಂಟ್ರೋಲರ್ ಒಳಗೇ ಯುಎಸ್‌ಬಿ ಇದೆಯಲ್ರೀ, ಪಕ್ಕದ ಚಿಪ್ ಯಾಕೆ? ತೆಗೆದುಬಿಡಿ. ಬರೀ ಕೇಬಲ್ ಅಲ್ವಾ?"

ನಮ್ಮ ಮ್ಯಾನೇಜರ್ ಹೇಳಿದ ಈ ಮಾತು ವಾರವಿಡೀ ತಲೆಯಲ್ಲೇ ಸುತ್ತುತ್ತಿದೆ. ಮೈಕ್ರೋಕಂಟ್ರೋಲರ್ ಅಂದರೆ ನಮ್ಮ ಬೋರ್ಡನ್ನು ನಡೆಸುವ ಪುಟ್ಟ ಕಂಪ್ಯೂಟರ್ ಚಿಪ್. ಹಳೇ ಸರಳ ಸೀರಿಯಲ್ ಸಂಪರ್ಕವನ್ನು ಯುಎಸ್‌ಬಿಗೆ ಬದಲಿಸುವ ಚಿಪ್ಪಿಗೆ ಸುಮ್ನೆ ದುಡ್ಡು ಯಾಕೆ ಅನ್ನೋದು ಅವರ ಲೆಕ್ಕ. ಲೆಕ್ಕ ಸರಿಯಾಗೇ ಇದೆ. ಹೇಳಿದ ಧಾಟಿ ಮಾತ್ರ ಬಲ್ಬ್ ಬದಲಾಯಿಸಿ ಅನ್ನೋ ಥರ ಇತ್ತು.

ಸೀರಿಯಲ್‌ನಲ್ಲಿ ಬಾಡ್ ರೇಟ್, ಅಂದರೆ ಕಳಿಸುವ ವೇಗ, ಹೊಂದಿಸಿ ಚಿಪ್ಪಿನ ರಿಜಿಸ್ಟರಿಗೆ ಒಂದು ಬೈಟ್ ಬರೆದರೆ ಅದು ಹೊರಟಿತು. ಆ ಕಡೆ ಯಾರಾದರೂ ಇದ್ದಾರಾ ಅನ್ನೋ ಗೊಡವೆ ಇಲ್ಲ. ಯುಎಸ್‌ಬಿಯಲ್ಲಿ ಡಿವೈಸ್, ಅಂದರೆ ನಮ್ಮ ಬೋರ್ಡ್, ತಾನಾಗಿ ಬಾಯಿ ಬಿಡುವ ಹಾಗಿಲ್ಲ. ಯುಎಸ್‌ಬಿಯ ವೇಗಗಳಲ್ಲಿ ಒಂದಾದ ಫುಲ್ ಸ್ಪೀಡ್‌ನ ಡಿವೈಸ್ ಆದರೆ ಡೇಟಾದ ಎರಡು ತಂತಿಗಳಲ್ಲಿ ಡಿ ಪ್ಲಸ್ ಅನ್ನೋದರ ವೋಲ್ಟೇಜನ್ನು 1.5 ಕಿಲೋಓಮ್ ರೆಸಿಸ್ಟರ್‌ನಿಂದ ಮೇಲೆಳೆದು ನಾನಿದ್ದೀನಿ ಅಂತ ತೋರಿಸಬಹುದು, ಅಷ್ಟೇ. ಆಮೇಲೆ ಹೋಸ್ಟ್‌ನದ್ದೇ, ಅಂದರೆ ಆ ಕಡೆಯ ಕಂಪ್ಯೂಟರಿನದ್ದೇ, ದರ್ಬಾರು. ರೀಸೆಟ್ ಮಾಡುತ್ತದೆ, ನೀನು ಯಾರು ಅಂತ 18 ಬೈಟಿನ ಪರಿಚಯ ಪತ್ರ, ಅಂದರೆ ಡಿವೈಸ್ ಡಿಸ್ಕ್ರಿಪ್ಟರ್, ಕೇಳುತ್ತದೆ, ಒಂದು ವಿಳಾಸ ಕೊಡುತ್ತದೆ, ಡಿವೈಸ್ ಒಳಗೆ ಏನೇನಿದೆ ಅಂತ ಹೇಳುವ ಕಾನ್ಫಿಗರೇಶನ್‌ನ ಮೊದಲ 9 ಬೈಟ್ ಓದಿ ಒಟ್ಟು ಉದ್ದ ನೋಡಿಕೊಂಡು ಮತ್ತೆ ಪೂರ್ತಿ ಕೇಳುತ್ತದೆ. ಕೊಟ್ಟ ವಿಳಾಸವನ್ನು ತಕ್ಷಣ ಹಾಕಿಕೊಳ್ಳುವಂತೆಯೂ ಇಲ್ಲ. ಆಯ್ತು ಅನ್ನೋ ಉತ್ತರ ಹಳೇ ವಿಳಾಸ ಸೊನ್ನೆಯಿಂದಲೇ ಹೋಗಬೇಕು.

ಎಲ್ಲಿ ಎಡವಿತು ಅಂತ ಬ್ರೇಕ್‌ಪಾಯಿಂಟ್ ಇಟ್ಟರೆ, ನಾವು ಕೋಡ್ ನಿಲ್ಲಿಸಿ ನೋಡುವಷ್ಟರಲ್ಲಿ ಹೋಸ್ಟ್ ಕೈಬಿಟ್ಟಿರುತ್ತದೆ. ವಿಂಡೋಸ್ ಎರರ್ ಕೋಡ್ 43 ಅನ್ನುತ್ತದೆ, ಲಿನಕ್ಸ್ ಮೈನಸ್ 71 ಅನ್ನುತ್ತದೆ. ಯಾಕೆ ಅಂತ ಎರಡೂ ಹೇಳಲ್ಲ. ನಡೆದದ್ದನ್ನೆಲ್ಲ ಮೆಮೊರಿಯಲ್ಲಿ ಗೀಚಿಟ್ಟು ಆಮೇಲೆ ಓದಬೇಕು.

ಕೊನೆಗೆ ಕಂಪ್ಯೂಟರಿನಲ್ಲಿ ಪೋರ್ಟ್ ಕಾಣಿಸಿತು. ಮ್ಯಾನೇಜರ್ ಬಂದು ನೋಡಿ, "ನಾನು ಹೇಳಲಿಲ್ವಾ? ಬರೀ ಕೇಬಲ್" ಅಂದರು. ಒಳ್ಳೆಯವರೇ, ಆದರೆ ಇಂಥ ಹೊತ್ತಲ್ಲೇ ಬರುತ್ತಾರೆ.

ಅವರು ಹೋದ ಮೇಲೆ ನೋಡಿದರೆ ಬೋರ್ಡ್ ಕಳಿಸಿದ ಕೆಲವು ಸಾಲುಗಳು ಬರುತ್ತಿಲ್ಲ. ಮುಂದಿನ ಸಾಲು ಕಳಿಸಿದಾಗ ಎರಡೂ ಒಟ್ಟಿಗೆ ಬಂದು ಬೀಳುತ್ತವೆ. ಕೇಬಲ್ ಸರಿಯಿಲ್ಲ ಅಂದ ಒಬ್ಬ, ಡ್ರೈವರ್ ಸರಿಯಿಲ್ಲ ಅಂದ ಇನ್ನೊಬ್ಬ. ಹೊಸದಾಗಿ ಸೇರಿದ ಹುಡುಗಿ, ಮಾತೇ ಕಡಿಮೆ, ಬಂದವಳು ಅಂದಳು: "ಸಾರ್, ಉದ್ದ 64 ಇದ್ದರೆ ಮಾತ್ರ ಬರಲ್ಲ. 63 ಬರುತ್ತೆ, 65ನೂ ಬರುತ್ತೆ."

ಒಂದೊಂದೇ ಅಕ್ಷರ, ಅಂದರೆ ಒಂದೊಂದೇ ಬೈಟ್, ಹೆಚ್ಚಿಸುತ್ತಾ ಕಳಿಸಿ ನೋಡಿದ್ದಳು! ಫುಲ್ ಸ್ಪೀಡ್‌ನ ಬಲ್ಕ್ ಪ್ಯಾಕೆಟ್, ಅಂದರೆ ಡೇಟಾ ಸಾಗಿಸುವ ಕಂತೆ, ಹೆಚ್ಚೆಂದರೆ 64 ಬೈಟ್. ನಮ್ಮ ಎಂಡ್‌ಪಾಯಿಂಟ್‌ನದ್ದೂ, ಅಂದರೆ ಡೇಟಾ ಹೊರಡುವ ಬಾಗಿಲಿನದ್ದೂ, ಅಷ್ಟೇ. ಅದಕ್ಕಿಂತ ಚಿಕ್ಕದು ಬಂದರೆ ಮಾತು ಮುಗಿಯಿತು ಅಂತ ಹೋಸ್ಟ್ ತಿಳಿಯುತ್ತದೆ, ಪೂರ್ತಿ 64 ಬಂದರೆ ಇನ್ನೂ ಇದೆ ಅಂತ ಕಾಯುತ್ತಾ ಕೂರುತ್ತದೆ. ಮುಗಿಯಿತು ಅಂತ ಹೇಳಲು ಏನೂ ಇಲ್ಲದ ಖಾಲಿ ಪ್ಯಾಕೆಟ್ ಒಂದನ್ನು ಹಿಂದೆಯೇ ಕಳಿಸಬೇಕು. ಚಿಪ್ ಜೊತೆ ಬಂದ ಉದಾಹರಣೆ ಕೋಡ್‌ನಲ್ಲಿ ಅದೇ ಇರಲಿಲ್ಲ. ನಮ್ಮಲ್ಲಿ ಜಾಸ್ತಿ ಮಾತಾಡುವವರ ಕೈಗೆ ಇದು ಸಿಕ್ಕುತ್ತಿರಲಿಲ್ಲ ಬಿಡಿ.

1996ರಲ್ಲಿ ಯುಎಸ್‌ಬಿ ಬರುವ ಮೊದಲು ಹೊಸ ಕಾರ್ಡ್ ಹಾಕಿ, ಜಂಪರ್ ಬದಲಿಸಿ, ಕಾರ್ಡು ಪ್ರೊಸೆಸರನ್ನು ಕರೆಯಲು ಬೇಕಾದ ಐಆರ್‌ಕ್ಯೂ ನಂಬರ್ ಹೊಂದಿಸಿ ಒದ್ದಾಡುತ್ತಿದ್ದದ್ದು ಬಳಸುವವರು. ಆ ಒದ್ದಾಟ ಎಲ್ಲೂ ಮಾಯವಾಗಲಿಲ್ಲ, ಫರ್ಮ್‌ವೇರ್, ಅಂದರೆ ಚಿಪ್ಪಿನೊಳಗೆ ಓಡುವ ಕೋಡ್, ಬರೆಯುವವರ ಮೇಜಿಗೆ ಬಂದು ಕೂತಿತು. ಬರೀ ಕೇಬಲ್ ಅನ್ನಿಸಲಿ ಅಂತಲೇ ಇಷ್ಟೆಲ್ಲ ಮಾಡಿರುವುದು. ಹಾಗೆ ಅನ್ನಿಸಿದವರ ಮೇಲೆ ಸಿಟ್ಟಾಗುವುದು ನ್ಯಾಯವಲ್ಲ. ಆದರೂ ಸಿಟ್ಟಿದೆ. ಆ ಖಾಲಿ ಪ್ಯಾಕೆಟ್ ಯಾವ ಡೆಮೋದಲ್ಲೂ ಕಾಣುವುದಿಲ್ಲ, ಅವಳ ಹೆಸರೂ ಅಷ್ಟೇ. ಕೋಡ್ ಬದಲಾವಣೆಯ ಜೊತೆ ಬರೆಯುವ ಕಮಿಟ್ ಮೆಸೇಜಿನಲ್ಲಾದರೂ ಇರಲಿ ಅಂತ ಹಾಕಿಸಿದೆ.

ಈಗ ಉಳಿದಿರುವುದು ವೆಂಡರ್ ಐಡಿ, ಡಿವೈಸ್ ಯಾವ ಕಂಪನಿಯದ್ದು ಅಂತ ಹೇಳುವ ನಂಬರ್. ಉದಾಹರಣೆ ಕೋಡ್‌ನಲ್ಲಿರುವುದು ಚಿಪ್ ಕಂಪನಿಯದ್ದು, ಕೇಳದೆ ಅದನ್ನೇ ಹಾಕಿ ಮಾರುವಂತಿಲ್ಲ. ಯುಎಸ್‌ಬಿ ನಿಯಮ ನೋಡಿಕೊಳ್ಳುವ ಸಂಸ್ಥೆಯಾದ ಯುಎಸ್‌ಬಿ-ಐಎಫ್‌ಗೆ ದುಡ್ಡು ಕಟ್ಟಿ ಸ್ವಂತದ್ದು ತಗೊಳ್ಳಬೇಕು, ಇಲ್ಲಾ ಚಿಪ್ ಕಂಪನಿಯನ್ನೇ ಅವರ ವೆಂಡರ್ ಐಡಿ ಕೆಳಗೆ ನಮ್ಮ ಉತ್ಪನ್ನಕ್ಕೊಂದು ನಂಬರ್, ಅಂದರೆ ಪ್ರಾಡಕ್ಟ್ ಐಡಿ, ಕೇಳಿ ನೋಡಬೇಕು. ಇದು ಕೋಡ್ ಅಲ್ಲ, ಅರ್ಜಿ ತುಂಬುವ ಕೆಲಸ. ಮ್ಯಾನೇಜರ್‌ಗೇ ಒಪ್ಪಿಸಿದ್ದೇನೆ. ಯಾವ ಖಾನೆಯಲ್ಲಿ ಏನು ಬರೆಯಬೇಕು ಅಂತ ದಿನಾ ನನಗೇ ಫೋನ್ ಮಾಡುತ್ತಿದ್ದಾರೆ.